ಕೈಮಗ್ಗದ ಖಾದಿಯ ಮೇಲೆ ಕ್ರಾಸ್ ಸ್ಟಿಚ್: ಗೊಂಬೆ ಮೆಟ್ಟಿಲಿಗೆ ಗಂಡಭೇರುಂಡ

ಆಗಬೇಕಿದ್ದ ಕೆಲಸ ಇದು: ನವರಾತ್ರಿಗೆ ಪಟ್ಟದ ಗೊಂಬೆ ಕೂರಿಸುವ ಮೇಲಿನ ಮೆಟ್ಟಿಲಿಗೆ ನಾಲ್ಕಡಿ ಉದ್ದದ ಒಂದು ಬಟ್ಟೆ. ಮೆಟ್ಟಿಲಿನ ಮೇಲೆ ಒಂಬತ್ತು ಇಂಚು ಹರಡಿ, ಮುಂದಕ್ಕೆ ಎಂಟು ಇಂಚು ಇಳಿಬೀಳಬೇಕು. ಇಳಿಬಿದ್ದ ಭಾಗದ ನಟ್ಟನಡುವೆ ಗಂಡಭೇರುಂಡ, ಕೆಳಗೆ ಉದ್ದಕ್ಕೂ ಗೋಪುರದಂಚು. ಎರಡೂ ಕ್ರಾಸ್ ಸ್ಟಿಚ್‌ನಲ್ಲಿ, ಅಂದರೆ ಒಂದರ ಮೇಲೊಂದು ಅಡ್ಡ ಬೀಳುವ ಎರಡು ಓರೆ ಹೊಲಿಗೆಯಲ್ಲಿ.

ಇಷ್ಟು ವರ್ಷ ನಾನು ಕ್ರಾಸ್ ಸ್ಟಿಚ್ ಹಾಕಿದ್ದೆಲ್ಲ ಮ್ಯಾಟಿ ಬಟ್ಟೆಯ ಮೇಲೆ, ಅಪರೂಪಕ್ಕೆ ಐಡಾ ಮೇಲೆ. ಬಾಗಿಲ ತೋರಣ, ದಿಂಬಿನ ಕವರು, ಟೀಪಾಯಿ ಮೇಲಿನ ಹೊದಿಕೆ ಎಲ್ಲ ಅದರಲ್ಲೇ. ಆ ಬಟ್ಟೆಗಳಲ್ಲಿ ಎಳೆಗಳನ್ನು ಗುಂಪುಗುಂಪಾಗಿ ನೇಯ್ದಿರುವುದರಿಂದ ಚೌಕಗಳು ಎದ್ದು ಕಾಣುತ್ತವೆ, ಮೂಲೆಯಲ್ಲಿ ಸೂಜಿ ಇಳಿಯಲು ತೂತೂ ಸಿದ್ಧವಾಗಿರುತ್ತದೆ. 14 ಕೌಂಟಿನ ಐಡಾ ಎಂದರೆ ಅಡ್ಡಕ್ಕೂ ಉದ್ದಕ್ಕೂ ಇಂಚಿಗೆ 14 ಚೌಕ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ರಕ್ತಚಂದನದ ರಾಜ-ರಾಣಿಯ ಕಾಲ ಕೆಳಗೆ ಆ ದಪ್ಪ ಬಟ್ಟೆ ನನ್ನ ಕಣ್ಣಿಗೆ ಹಿಡಿಸುವುದಿಲ್ಲ. ಮೆಟ್ಟಿಲಿನ ತುದಿಯಲ್ಲಿ ಬಾಗದೆ ಹಲಗೆಯಂತೆ ನಿಲ್ಲುತ್ತದೆ. ಹೊಲಿಗೆ ಬೀಳದ ಜಾಗದಲ್ಲಿ ತೂತುಗಳು ಹಾಗೇ ಕಾಣುತ್ತವೆ. ಮೆಟ್ಟಿಲಿನ ಬಟ್ಟೆಯಲ್ಲಿ ಹೊಲಿಗೆ ಬೀಳದ ಜಾಗವೇ ಹೆಚ್ಚು. ಹಾಗಾಗಿ ಈ ಸಲ ಕೋರಾ, ಅಂದರೆ ಬಿಳುಪು ಮಾಡದ, ಖಾದಿ ತಗೊಂಡೆ. ಸಾಮಾನ್ಯ ನೇಯ್ಗೆಯ ಬಟ್ಟೆಯಲ್ಲಿ ಎಳೆ ಎಣಿಸಿ ಕ್ರಾಸ್ ಸ್ಟಿಚ್ ಹಾಕಿ ನನಗೆ ಅಭ್ಯಾಸವಿರಲಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

1. ಬಟ್ಟೆ ಆರಿಸಿದ್ದು

ನಂಜನಗೂಡು ತಾಲ್ಲೂಕಿನ ಬದನವಾಳು ಖಾದಿಗೆ ಹೆಸರಾದ ಊರು, 1927ರಲ್ಲಿ ಗಾಂಧೀಜಿ ಬಂದು ಹೋದ ಜಾಗ. ಮೈಸೂರಿನಲ್ಲಿ ಖಾದಿ ಹುಡುಕುವವರಿಗೆ ಆ ಹೆಸರು ತಾನಾಗಿ ನೆನಪಾಗುತ್ತದೆ. ನಾನು ಕೊಂಡದ್ದು ಪೇಟೆಯ ಖಾದಿ ಅಂಗಡಿಯಲ್ಲಿ. 36 ಇಂಚು ಪನ್ನ (ಬಟ್ಟೆಯ ಅಗಲ), ಮೀಟರಿಗೆ 260 ರೂಪಾಯಿ, ಎರಡು ಮೀಟರ್.

ಅಂಗಡಿಯವರು ಮೊದಲು ತೆಗೆದುಕೊಟ್ಟದ್ದು ನುಣುಪಾದ ಶರ್ಟಿನ ಖಾದಿ. "ಮೇಡಂ, ಕಸೂತಿಗೆ ಎಲ್ಲರೂ ಇದನ್ನೇ ಒಯ್ಯೋದು" ಅಂದರು. ತುಂಬಿಸುವ ಕಸೂತಿಗೆ ಅದು ಸರಿಯೇ. ಎಳೆ ಎಣಿಸುವ ಕೆಲಸಕ್ಕೆ ಆಗದು, ಎಳೆಗಳು ಅಷ್ಟು ಸಣ್ಣ. ಬಟ್ಟೆಯನ್ನು ಬಾಗಿಲ ಬೆಳಕಿಗೆ ಹಿಡಿದು ಎಳೆಯಿಂದ ಎಳೆಯನ್ನು ಬರಿಗಣ್ಣಲ್ಲಿ ಬಿಡಿಸಿ ನೋಡಲು ಆಗುತ್ತದೆಯೇ ಎಂಬುದೊಂದೇ ನನ್ನ ಪರೀಕ್ಷೆಯಾಗಿತ್ತು. ಅದರಲ್ಲಿ ಗೆದ್ದದ್ದು ಕೆಳಗಿನ ಗೂಡಿನಲ್ಲಿದ್ದ ಒರಟು ಥಾನು (ಬಟ್ಟೆಯ ಸುರುಳಿ).

ಖಾದಿ ಎಂದರೆ ಕೈಯಲ್ಲಿ ನೂತ ನೂಲು, ಕೈಮಗ್ಗದ ನೇಯ್ಗೆ. ನೂಲು ಒಂದೆಡೆ ದಪ್ಪ, ಒಂದೆಡೆ ತೆಳು. ಅಲ್ಲಲ್ಲಿ ಗಂಟಿನಂಥ ಉಬ್ಬು ಇರುತ್ತದೆ. ಅದು ಬಟ್ಟೆಯ ದೋಷವಲ್ಲ, ಅದರ ಗುಣ. ಅದಕ್ಕೆ ಹೊಂದಿಕೊಂಡು ಹೊಲಿಯುವುದು ಹೇಗೆ ಎನ್ನುವುದೇ ಮುಂದಿನ ಕೆಲಸವೆಲ್ಲ.

2. ತೊಳೆಯದ ತುಂಡಿನ ಮೇಲೆ ಮೊದಲ ಮಾದರಿ

ಥಾನಿನ ತುದಿಯಿಂದ 20 ಸೆಂಟಿಮೀಟರ್ ಪಟ್ಟಿ ಕತ್ತರಿಸಿ, ತೊಳೆಯದೆಯೇ ಅದರ ಮೇಲೆ ಎರಡೆರಡು ಎಳೆಗೆ ಒಂದರಂತೆ ಕ್ರಾಸ್ ಹಾಕಿ ನೋಡಿದೆ. ಗಂಜಿ ಇದ್ದುದರಿಂದ ಬಟ್ಟೆ ಬಿಗಿಯಾಗಿತ್ತು, ಎಳೆಗಳು ಜರುಗಲಿಲ್ಲ, ಹೊಲಿಗೆ ಚೆನ್ನಾಗಿಯೇ ಕೂತಿತು. ಆಮೇಲೆ ನೀರಿಗೆ ಹಾಕಿ ಒಣಗಿಸಿದಾಗ ಹೊಲಿದ ಭಾಗ ಸುತ್ತಲಿನ ಬಟ್ಟೆಯಿಂದ ಉಬ್ಬಿ ಮೇಲೆ ಬಂದಿತ್ತು. ಬಟ್ಟೆ ಕುಗ್ಗಿದೆ, ಕಸೂತಿ ದಾರ ಕುಗ್ಗಿಲ್ಲ. ಎಷ್ಟು ಇಸ್ತ್ರಿ ಮಾಡಿದರೂ ಆ ಉಬ್ಬು ಹೋಗಲಿಲ್ಲ. ಖಾದಿಯನ್ನು ತೊಳೆಯದೆ ಮುಟ್ಟಬಾರದು ಎಂಬುದು ಅಲ್ಲಿಗೆ ಖಚಿತವಾಯಿತು.

3. ತೊಳೆದು ಎಣಿಸಿದ್ದು

ಉಳಿದ 180 ಸೆಂಟಿಮೀಟರ್ ಬಟ್ಟೆಯ ಮೇಲೆ ಬಣ್ಣದ ದಾರದಿಂದ 20 ಇಂಚಿಗೆ 20 ಇಂಚಿನ ಒಂದು ಚೌಕ ಗುರುತು ಹಾಕಿಕೊಂಡು, ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿದೆ. ಬೆಳಿಗ್ಗೆ ನೀರು ಬೆರಳಿಗೆ ಜಾರು ಜಾರಾಗಿತ್ತು, ಅದು ಗಂಜಿ. ಜಾರು ಹೋಗುವ ತನಕ ನೀರು ಬದಲಾಯಿಸಿ, ನೆರಳಲ್ಲಿ ಒಣಗಿಸಿ, ಇನ್ನೂ ಸ್ವಲ್ಪ ತೇವ ಇರುವಾಗಲೇ ಇಸ್ತ್ರಿ ಮಾಡಿದೆ. ಅಡ್ಡ ಹಾಯುವ ಹೊಕ್ಕಿನ ಎಳೆಗಳು ನಡುವೆ ಬಾಗಿದ್ದವು. ಇಬ್ಬರು ಎದುರು ಬದುರು ಮೂಲೆ ಹಿಡಿದು ಓರೆಯಾಗಿ ಎಳೆದರೆ ಅವು ನೇರವಾಗುತ್ತವೆ. ಈ ಕೆಲಸಕ್ಕೆ ಅಮ್ಮ ಒಂದು ಕೈ ಕೊಟ್ಟರು.

ಚೌಕ ಈಗ ಪನ್ನದ ಕಡೆ 18¾ ಇಂಚು, ಉದ್ದದ ಕಡೆ 18½ ಇಂಚಿಗಿಂತ ಕೂದಲೆಳೆಯಷ್ಟು ಹೆಚ್ಚು. ಅಂದರೆ ಎರಡೂ ಕಡೆ ನೂರಕ್ಕೆ ಆರೇಳರಷ್ಟು ಕುಗ್ಗಿದೆ.

ಎಳೆ ಎಣಿಸಲು ನೇಕಾರರ ಬಳಿ ಇರುವ ಮಡಿಚುವ ಭೂತಗನ್ನಡಿ ಇದ್ದರೆ ಒಳ್ಳೆಯದು. ನನ್ನ ಹತ್ತಿರ ಇರಲಿಲ್ಲ. ಎರಡು ಗುಂಡುಸೂಜಿಯನ್ನು ಎರಡು ಇಂಚು ದೂರದಲ್ಲಿ ಚುಚ್ಚಿ, ನಡುವಿನ ಎಳೆಗಳನ್ನು ಮೊಂಡು ಸೂಜಿಯ ತುದಿಯಲ್ಲಿ ಒಂದೊಂದಾಗಿ ಸರಿಸುತ್ತಾ ಎಣಿಸಿ, ಬಂದದ್ದನ್ನು ಅರ್ಧ ಮಾಡಿದೆ. ಬಟ್ಟೆಯ ಬೇರೆ ಬೇರೆ ಕಡೆ ಹೀಗೆ ಮಾಡಿದಾಗ ಸಿಕ್ಕ ಲೆಕ್ಕ: ಉದ್ದಕ್ಕೆ ಓಡುವ ಹಾಸಿನ ಎಳೆ ಇಂಚಿಗೆ 31ರಿಂದ 33, ಹೆಚ್ಚಿನ ಕಡೆ 32. ಅಡ್ಡ ಹಾಯುವ ಹೊಕ್ಕಿನ ಎಳೆ 27ರಿಂದ 29, ಹೆಚ್ಚಿನ ಕಡೆ 28. ತೊಳೆಯುವ ಮೊದಲು ಇದೇ ಬಟ್ಟೆಯಲ್ಲಿ 30 ಮತ್ತು 26 ಇತ್ತು.

ಹಾಸಿನ ಎಳೆಗಳ ಅಂತರವನ್ನು ಮಗ್ಗವೇ ಹಿಡಿದಿಡುತ್ತದೆ. ಹೊಕ್ಕಿನ ಎಳೆಗಳ ಅಂತರ ಮಾತ್ರ ನೇಯುವವರ ಕೈ ಎಷ್ಟು ಬಿಗಿಯಾಗಿ ಬಡಿಯುತ್ತದೆ ಎಂಬುದರ ಮೇಲೆ ನಿಂತಿರುತ್ತದೆ. ಎರಡೂ ಒಂದೇ ಸಂಖ್ಯೆಗೆ ಬಂದರೆ ಅದು ಅದೃಷ್ಟ. ಬರದಿದ್ದರೆ ಮುಂದಿನದ್ದು ಓದಿ.

4. ಚೌಕ ಚೌಕವಾಗಿ ಬರಲಿಲ್ಲ

ಎರಡೆರಡು ಎಳೆಗೆ ಒಂದು ಕ್ರಾಸ್ ಎಂದರೆ ಒಂದು ದಿಕ್ಕಿನಲ್ಲಿ ಇಂಚಿಗೆ 16, ಇನ್ನೊಂದು ದಿಕ್ಕಿನಲ್ಲಿ 14. ಕಾಗದದ ಮೇಲೆ ಇದು ಸಣ್ಣ ವ್ಯತ್ಯಾಸವೆನಿಸಿತು. ತೊಳೆದ ಬಟ್ಟೆಯಿಂದ ಒಂದು ತುಂಡು ತೆಗೆದು, 28 ಕ್ರಾಸ್ ಅಗಲ, 28 ಕ್ರಾಸ್ ಎತ್ತರದ ಬರೀ ಹೊರಗೆರೆ ಹೊಲಿದೆ. ಥಾನಿನ ಉದ್ದ ಮೇಲೆ ಕೆಳಗಾಗಿ ಬರುವಂತೆ ಹಿಡಿದಾಗ ಅಗಲ 1¾ ಇಂಚು, ಎತ್ತರ 2 ಇಂಚು. ಗ್ರಾಫಿನಲ್ಲಿದ್ದ ಚೌಕ ಬಟ್ಟೆಯ ಮೇಲೆ ನಿಂತ ಆಯತವಾಗಿತ್ತು.

ಇನ್ನೂ ಒಂದು ವಿಷಯ ಇತ್ತು. ಮೆಟ್ಟಿಲಿನ ಬಟ್ಟೆ ನಾಲ್ಕಡಿ ಉದ್ದ, ಥಾನಿನ ಪನ್ನ ಈಗ 33¾ ಇಂಚು. ಹಾಗಾಗಿ ಮೆಟ್ಟಿಲಿನ ಉದ್ದ ಥಾನಿನ ಉದ್ದದ ಕಡೆಗೇ ಬರಬೇಕು, ಬಟ್ಟೆಯನ್ನು ಅಡ್ಡ ತಿರುಗಿಸಲೇಬೇಕು. ತಿರುಗಿಸಿದರೆ ಅದೇ ಆಯತ ಮಲಗುತ್ತದೆ: ಅಗಲ 2 ಇಂಚು, ಎತ್ತರ 1¾. ಮ್ಯಾಟಿಗೆಂದು ಬರೆದಿಟ್ಟಿದ್ದ ನನ್ನ ಹಳೆಯ ಗಂಡಭೇರುಂಡ 64ಕ್ಕೆ 64 ಕ್ರಾಸ್. ಈ ಬಟ್ಟೆಯಲ್ಲಿ ಅದು ನಾಲ್ಕೂವರೆ ಇಂಚಿಗೂ ಮಿಕ್ಕಿ ಅಗಲ, ನಾಲ್ಕೇ ಇಂಚು ಎತ್ತರ ಬರುತ್ತಿತ್ತು. ನಮ್ಮ ಅರಮನೆಯ ಲಾಂಛನದಲ್ಲಿ, ಸರ್ಕಾರಿ ಬಸ್ಸಿನ ಮೈಮೇಲೆ ದಿನಾ ನೋಡುವ ಹಕ್ಕಿ ಅದು. ಕುತ್ತಿಗೆ ಕುಳ್ಳಾದರೆ, ರೆಕ್ಕೆ ಅಗಲಕ್ಕೆ ಜಗ್ಗಿದರೆ ಮೈಸೂರಿನ ಯಾವ ಮನೆಯಲ್ಲೂ ಗೊತ್ತಾಗದೆ ಇರುವುದಿಲ್ಲ.

ಹೊಸ ಬಟ್ಟೆ ಹಿಡಿಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಚಿತ್ರ ಶುರು ಮಾಡುವ ಮುಂಚೆ ಒಂದು ಖಾಲಿ ಚೌಕ ಹೊಲಿದು ಅಳೆಯಿರಿ, ಅದನ್ನು ಬಟ್ಟೆ ಕೊನೆಗೆ ಯಾವ ದಿಕ್ಕಿನಲ್ಲಿ ನಿಲ್ಲುತ್ತದೋ ಆ ದಿಕ್ಕಿನಲ್ಲೇ ಅಳೆಯಿರಿ.

5. ಕ್ಯಾನ್ವಾಸ್ ದಾರಿ, ಬಿಟ್ಟದ್ದು

ಸೀರೆಯ ಮೇಲೆ ಕ್ರಾಸ್ ಸ್ಟಿಚ್ ಹಾಕುವವರು ಎಳೆ ಬಿಡಿಸಬಹುದಾದ ಕ್ಯಾನ್ವಾಸನ್ನು ಮೇಲಿಟ್ಟು ಟಾಕಾ ಹಾಕಿ, ಅದರ ಚೌಕ ನೋಡಿಕೊಂಡು ಹೊಲಿದು, ಕೊನೆಗೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಕಿತ್ತುಬಿಡುತ್ತಾರೆ. ಕೆಳಗಿನ ಬಟ್ಟೆಯ ಎಣಿಕೆ ಹೇಗಿದ್ದರೂ ಚಿತ್ರ ಸರಿಯಾಗಿ ಬರುತ್ತದೆ. ಅದನ್ನೂ ಒಂದು ತುಂಡಿನಲ್ಲಿ ಮಾಡಿ ನೋಡಿದೆ. ಆಕಾರ ಸರಿಯಾಗಿಯೇ ಬಂತು. ಆದರೆ ಎಳೆ ಕಿತ್ತ ಮೇಲೆ ಕ್ಯಾನ್ವಾಸಿನ ದಪ್ಪದಷ್ಟು ಸಡಿಲ ಉಳಿದು ಕ್ರಾಸ್‌ಗಳು ಮೇಲೆ ತೇಲಿದವು. ಚೂಪು ಸೂಜಿ ಬಳಸಬೇಕಾದ್ದರಿಂದ ಖಾದಿಯ ಎಳೆಗಳೇ ಸೀಳಿದವು, ಸೀಳಿದ ಕಡೆ ಹೊಲಿಗೆ ಓರೆಯಾಯಿತು. ಗಟ್ಟಿ ನೇಯ್ಗೆಯ ಸೀರೆಗೆ ಇದು ಒಪ್ಪಬಹುದು. ಈ ಮೆತ್ತನೆಯ ಬಟ್ಟೆಗೆ ಬೇಡವೆಂದು ಅಲ್ಲಿಗೇ ನಿಲ್ಲಿಸಿದೆ.

6. ಗ್ರಾಫನ್ನು ಬಟ್ಟೆಗೆ ತಕ್ಕಂತೆ ಮಾಡಿದ್ದು

ಅಗಲ ಇಂಚಿಗೆ 14, ಎತ್ತರ ಇಂಚಿಗೆ 16. ಹಕ್ಕಿ ನಾಲ್ಕಿಂಚಿಗೆ ನಾಲ್ಕಿಂಚು ಬರಬೇಕೆಂದರೆ 56 ಕಂಬ (ಮೇಲಿಂದ ಕೆಳಗಿನ ಸಾಲು), 64 ಅಡ್ಡಸಾಲು.

ಹಳೆಯ ಚಿತ್ರದಿಂದ ಎಂಟು ಕಂಬ ತೆಗೆದುಬಿಟ್ಟರೆ ಸಾಕು ಎಂದು ಮೊದಲು ಹಾಗೇ ಮಾಡಿದೆ, ಪ್ರತಿ ಎಂಟನೆಯ ಕಂಬಕ್ಕೆ ಪೆನ್ಸಿಲ್ ಎಳೆದು. ರೆಕ್ಕೆಯಲ್ಲಿ ಅಷ್ಟಾಗಿ ಗೊತ್ತಾಗಲಿಲ್ಲ. ಕೊಕ್ಕಿನ ತುದಿ ಹೋಯಿತು, ಕುತ್ತಿಗೆಯ ಬಾಗಿನಲ್ಲಿ ಮೆಟ್ಟಿಲು ಬಿತ್ತು. ಹಾಗಾಗಿ ಗ್ರಾಫನ್ನೇ ಬದಲಾಯಿಸಿದೆ. ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ ಕಾಲಂ ಅಗಲ 0.40 ಸೆಂಟಿಮೀಟರ್, ಸಾಲಿನ ಎತ್ತರ 0.35 ಸೆಂಟಿಮೀಟರ್ ಇಟ್ಟರೆ ಮನೆಗಳು ಬಟ್ಟೆಯ ಕ್ರಾಸಿನದೇ ಪ್ರಮಾಣಕ್ಕೆ ಬರುತ್ತವೆ. ಹಕ್ಕಿ ಎಡಬಲ ಒಂದೇ ಆದ್ದರಿಂದ ಅರ್ಧ ಬರೆದರೆ ಸಾಕು: 28 ಕಂಬಕ್ಕೆ 112 ಮಿಲಿಮೀಟರ್, 64 ಸಾಲಿಗೆ 224 ಮಿಲಿಮೀಟರ್, ಒಂದು ಎ4 ಹಾಳೆಯಲ್ಲಿ ಆರಾಮವಾಗಿ ಕೂರುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ಸ್ವಲ್ಪ ಕುಗ್ಗಿ ಬಂದರೂ ಚಿಂತೆಯಿಲ್ಲ, ಎರಡೂ ಕಡೆ ಒಂದೇ ಸಮ ಕುಗ್ಗುವುದರಿಂದ ಆಕಾರ ಕೆಡುವುದಿಲ್ಲ.

ಈ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಹಕ್ಕಿಯ ಹೊರಗೆರೆ ಬರೆದು ಆಮೇಲೆ ಮನೆ ತುಂಬಿದೆ. ಕಣ್ಣಿಗೆ ಹಾಳೆಯ ಮೇಲೆ ಹೇಗೆ ಕಾಣುತ್ತದೋ ಬಟ್ಟೆಯ ಮೇಲೂ ಹಾಗೇ ಬರುತ್ತದೆ. ಒಂದೊಂದು ಮನೆ ಏರುತ್ತಾ ಹೋಗುವ ಓರೆ ಗೆರೆ ಚೌಕ ಗ್ರಾಫಿನಲ್ಲಿ 45 ಡಿಗ್ರಿ, ಇಲ್ಲಿ ಸುಮಾರು 41. ಕೊಕ್ಕು ತುಸು ಮಲಗಿದಂತೆ ಕಂಡದ್ದು ಇದರಿಂದಲೇ. ನಡುವೆ ಒಂದು ಕಡೆ ಎರಡು ಸಾಲು ಏರಿಸಿ ಸರಿ ಮಾಡಿದೆ.

7. ಸೂಜಿ, ದಾರ, ರಿಂಗು

ಸೂಜಿ ಮೊಂಡು ತುದಿಯದೇ ಆಗಬೇಕು. ಮ್ಯಾಟಿಗೆ ಬಳಸುತ್ತಿದ್ದ 24ನೇ ನಂಬರು ಎಳೆಗಳನ್ನು ಪಕ್ಕಕ್ಕೆ ತಳ್ಳಿ ತೂತು ದೊಡ್ಡದು ಮಾಡಿತು. ಅದಕ್ಕಿಂತ ಸಣ್ಣನೆಯ 26 ಸರಿಹೋಯಿತು.

ಆಂಕರ್ ಕಂಪನಿಯ ಕಸೂತಿ ದಾರದ ಒಂದು ಲಡಿ ಎಂಟು ಮೀಟರ್, ಅದರಲ್ಲಿ ಆರು ಎಳೆ. ಎರಡು ಎಳೆ, ಮೂರು ಎಳೆ ಎರಡರಲ್ಲೂ ಒಂದೊಂದು ಇಂಚು ಹೊಲಿದು ನೋಡಿದೆ. ಮೂರರಲ್ಲಿ ಹೊಲಿಗೆ ದಪ್ಪವಾಗಿ ಬಟ್ಟೆಯನ್ನು ಜಗ್ಗಿತು. ಖಾದಿಯ ನೂಲಿಗೆ ಜುಂಗು ಇರುವುದರಿಂದ ಎರಡೇ ಎಳೆ ಸಾಕಷ್ಟು ತುಂಬಿಕೊಳ್ಳುತ್ತದೆ. ಈ ಅಳತೆಯಲ್ಲಿ ಒಂದು ಕ್ರಾಸಿಗೆ ಮೇಲೆ ಕೆಳಗೆ ಸೇರಿ ಸುಮಾರು 8 ಮಿಲಿಮೀಟರ್ ದಾರ ಹೋಗುತ್ತದೆ. ಎರಡು ಎಳೆ ಬಳಸಿದರೆ ಲಡಿಗೆ ಲೆಕ್ಕದಲ್ಲಿ 3000 ಕ್ರಾಸ್. ತುದಿ, ಬಾಲ, ಬಿಚ್ಚಿದ್ದು ಎಲ್ಲ ಕಳೆದು 2000 ಎಂದು ಹಿಡಿದುಕೊಂಡರೆ ನಡುವೆ ಪರದಾಟವಿಲ್ಲ.

ಗೋಪುರದಂಚಿಗೆ ದಾರ ಹೆಚ್ಚು ಬೇಕಾಗುತ್ತದೆಂದು ಕಡಿಮೆ ಬೆಲೆಯ ಬಿಡಿ ಕೆಂಪು ದಾರವನ್ನೂ ತಂದಿದ್ದೆ. ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಪಂಚೆಯ ಚೂರಿನಲ್ಲಿ ಸುತ್ತಿ ಇಸ್ತ್ರಿ ಒತ್ತಿದಾಗ ಚೂರು ಗುಲಾಬಿಯಾಯಿತು. ಕೋರಾ ಬಟ್ಟೆಯ ಮೇಲೆ ಅಂಥ ದಾರ ಒಂದು ಹೊಲಿಗೆಗೂ ಬೇಡ. ಆ ನಲವತ್ತು ರೂಪಾಯಿ ಹೋಯಿತು, ಬಟ್ಟೆ ಉಳಿಯಿತು. ಆಂಕರ್ ಕೆಂಪನ್ನೂ ಇದೇ ಪರೀಕ್ಷೆಗೆ ಹಾಕಿದೆ, ಚೂರು ಬಿಳಿಯಾಗಿಯೇ ಇತ್ತು. ಕೆಂಪು ಮೂರು ಲಡಿ ಒಂದೇ ಸಲಕ್ಕೆ ತಂದೆ, ಹಳದಿ ಒಂದು, 403ನೇ ನಂಬರಿನ ಕಪ್ಪು ಒಂದು.

ಬಟ್ಟೆ ಬಿಗಿದು ಹಿಡಿಯುವ ರಿಂಗು ಆರಿಂಚಿನ ಮರದ್ದು. ಒಳಬಳೆಗೆ ಹತ್ತಿಯ ಪಟ್ಟಿ ಸುತ್ತಿದೆ. ಇಲ್ಲದಿದ್ದರೆ ಈ ಬಟ್ಟೆ ಜಾರುತ್ತದೆ, ಜಾರದಂತೆ ಬಿಗಿ ಮಾಡಿದರೆ ಗುರುತು ಬೀಳುತ್ತದೆ. ಬಟ್ಟೆ ಕತ್ತರಿಸಿದ್ದು ಉದ್ದ 51 ಇಂಚು, ಅಗಲ 19. ಹಿಂದಿನ ತುದಿಗೆ ಥಾನಿನ ಸ್ವಂತ ಅಂಚನ್ನೇ ಇಟ್ಟುಕೊಂಡೆ. ಉಳಿದ ಮೂರು ಕಡೆ, ಎಳೆ ಬಿಚ್ಚಿಕೊಳ್ಳದಂತೆ, ಸೀರೆಗೆ ಫಾಲ್ ಹಾಕುವವರ ಹತ್ತಿರ ಜಿಗ್‌ಜಾಗ್ ಮಾಡಿಸಿದೆ.

8. ಗೆರೆ ಹಾಕಿದ್ದು

ಮ್ಯಾಟಿಯಲ್ಲಿ ನಡುಬಿಂದು ಒಂದು ಗುರುತಿಸಿಕೊಂಡರೆ ಸಾಕಿತ್ತು. ಇಲ್ಲಿ ಹತ್ತು ಕ್ರಾಸಿಗೊಂದರಂತೆ, ಅಂದರೆ ಇಪ್ಪತ್ತು ಎಳೆಗೊಂದು, ಅಡ್ಡ ಉದ್ದ ಎರಡೂ ಕಡೆ ಗೆರೆ ಹಾಯಿಸಿಕೊಂಡೆ. ಮೊದಲು ತಿಳಿನೀಲಿ ಹೊಲಿಗೆ ದಾರದಲ್ಲಿ. ಕಸೂತಿ ಸೂಜಿ ಅದನ್ನೇ ಸೀಳಿಕೊಂಡು ಹೋಗಿ, ಗೆರೆ ಎಳೆದು ತೆಗೆಯುವಾಗ ನೀಲಿ ಜುಂಗು ಕೆಂಪಿನೊಳಗೆ ಸಿಕ್ಕಿಕೊಂಡಿತು. ಅದನ್ನು ತೆಗೆದು ಮೀನು ಗಾಳಕ್ಕೆ ಬಳಸುವ ತೆಳ್ಳನೆಯ ನೈಲಾನ್ ದಾರ ಹಾಕಿದೆ. ಅದನ್ನು ಸೂಜಿ ಸೀಳಲಾರದು, ಕೆಲಸ ಮುಗಿದ ಮೇಲೆ ಒಂದೇ ಎಳೆತಕ್ಕೆ ಜಾರಿ ಬರುತ್ತದೆ.

ಗೆರೆಗಳ ನಡುವಿನ ಮನೆ ಸುಮಾರು 18 ಮಿಲಿಮೀಟರ್ ಅಗಲ, 16 ಮಿಲಿಮೀಟರ್ ಎತ್ತರ ಬರಬೇಕು. ನನಗೆ ಒಂದು ಮನೆ 17 ಬಂತು, ಪಕ್ಕದ್ದು 19. ಎಣಿಕೆ ತಪ್ಪಿದೆಯೆಂದು ಬಿಚ್ಚಿ ಎಣಿಸಿದರೂ ಅದೇ 20 ಎಳೆ. ಅಳತೆಗೆ ಸರಿಯಾಗಲಿ ಎಂದು ಒಂದು ಎಳೆ ಸೇರಿಸಲೋ ಬಿಡಲೋ ಎಂಬ ಗೊಂದಲದಲ್ಲಿ ಬಟ್ಟೆಯನ್ನು ಪಕ್ಕದ ಮನೆಗೆ ಒಯ್ದೆ. ಅಲ್ಲಿರುವವರು ಧಾರವಾಡದ ಕಡೆಯವರು, ಬೀದಿಯವರೆಲ್ಲ ಕಾಕು ಎಂದೇ ಕರೆಯುತ್ತೇವೆ. ಇಳಕಲ್ ಸೀರೆಯ ಮೇಲೆ ಕಸೂತಿ ಹಾಕಿ ಪಳಗಿದ ಕೈ. ಅವರ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆ. ಮೆಂತಿ ನಮ್ಮ ಕ್ರಾಸ್ ಸ್ಟಿಚ್ಚೇ. ಅವರು ಬಟ್ಟೆಯ ಮೇಲೆ ಏನನ್ನೂ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ತೇರು, ಆನೆ, ಗೋಪುರ ಎಲ್ಲ ಮೂಡಿಸುತ್ತಾರೆ.

ಕಾಕು ಸ್ಕೇಲನ್ನು ನನ್ನ ಕೈಯಿಂದ ತೆಗೆದು ಪಕ್ಕಕ್ಕಿಟ್ಟರು. "ತಂಗಿ, ದಪ್ಪ ಎಳಿ ಬಂದ್ರೂ ಒಂದ, ತೆಳ್ಳಂದು ಬಂದ್ರೂ ಒಂದ. ಎರಡು ಎಳಿ ಕೂಡ್ಕೊಂಡಿದ್ರ ಸೂಜಿ ಮೊನಿಲೆ ಬಿಡಸಿ ಎಣಸು. ನಡುವ ಒಂದು ಬಿಟ್ಟಿ ಅಂದ್ರ ಮುಂದಿಂದೆಲ್ಲಾ ಸೊಟ್ಟ ಆಕ್ಕೈತಿ" ಅಂದರು. ಅಲ್ಲಿಂದ ಮುಂದೆ ಅಳತೆ ನೋಡದೆ ಎಳೆಯನ್ನೇ ನಂಬಿದೆ. ಉಬ್ಬು ನೂಲು ಹೆಚ್ಚಿರುವ ಜಾಗ ಹಕ್ಕಿಯ ಮುಖಕ್ಕೆ ಬೀಳದಂತೆ, ಬಟ್ಟೆಯನ್ನು ಕಿಟಕಿಗೆ ಹಿಡಿದು ನೋಡಿ, ನಡುಗೆರೆಯನ್ನು ಎಡಕ್ಕೆ ಒಂದಿಂಚು ಸರಿಸಿಕೊಂಡೆ.

9. ಹಕ್ಕಿ

ಈ ಕೆಲಸದಲ್ಲಿ ಕಲಿತದ್ದರಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದು ಮೊದಲ ಹೊಲಿಗೆಯನ್ನು ಎಲ್ಲಿ ಶುರು ಮಾಡಬೇಕು ಎಂಬುದು. ಸಾಮಾನ್ಯ ನೇಯ್ಗೆಯಲ್ಲಿ ನಿಂತ ಎಳೆ ಒಮ್ಮೆ ಮಲಗಿದ ಎಳೆಯ ಮೇಲೆ ಹಾಯುತ್ತದೆ, ಮರುಸಲ ಕೆಳಗೆ. ಕ್ರಾಸಿನ ಎಡ ಕೆಳಮೂಲೆಯ ತೂತನ್ನು, ಅದರ ಬಲಕ್ಕೇ ಇರುವ ನಿಂತ ಎಳೆ ಮೇಲೆ ಕಾಣುವ ಜಾಗದಲ್ಲಿ ಆರಿಸಿಕೊಂಡರೆ, ಆ ಎಳೆ ದಾರಕ್ಕೆ ಆಸರೆಯಾಗಿ ನಿಂತು ಕ್ರಾಸ್ ಮೇಲೆಯೇ ಕೂರುತ್ತದೆ. ಎಳೆ ಕೆಳಗೆ ಹೋಗುವ ಜಾಗದಲ್ಲಿ ಶುರು ಮಾಡಿದರೆ ದಾರ ಬಟ್ಟೆಯೊಳಗೆ ಜಾರಿ ಕ್ರಾಸ್ ಸಣಕಲಾಗುತ್ತದೆ. ಎರಡನ್ನೂ ಪಕ್ಕಪಕ್ಕ ಹೊಲಿದು ನೋಡಿದರೆ ಒಂದೇ ದಾರ ಎಂದು ನಂಬಲಾಗುವುದಿಲ್ಲ.

ಇನ್ನೊಂದು ಲಾಭವೂ ಇದೆ. ಎರಡೆರಡು ಎಳೆ ದಾಟುತ್ತಾ ಹೋಗುವುದರಿಂದ, ಮೊದಲ ಕ್ರಾಸ್ ಹೇಗೆ ಶುರುವಾಯಿತೋ ಪ್ರತಿಯೊಂದೂ ಹಾಗೇ ಶುರುವಾಗಬೇಕು. ಎಲ್ಲಾದರೂ ಕೆಳಮೂಲೆಯ ಪಕ್ಕದ ಎಳೆ ಒಳಗೆ ಮುಳುಗಿರುವುದು ಕಂಡರೆ ಒಂದು ಎಳೆ ತಪ್ಪಿದೆ ಎಂದೇ ಅರ್ಥ. ಬಲರೆಕ್ಕೆಯ ಮೂರನೆಯ ಗರಿಯಲ್ಲಿ ಹೀಗೆ ಕಂಡು ನಾಲ್ಕೇ ಕ್ರಾಸ್ ಬಿಚ್ಚಿ ಮುಗಿಯಿತು. ಈ ಗುರುತು ಇಲ್ಲದಿದ್ದರೆ ಗೆರೆಯ ತನಕ ಹೋಗಿ ಆಮೇಲೆ ತಿಳಿಯುತ್ತಿತ್ತು.

ಗಂಟು ಹಾಕಲಿಲ್ಲ. ಒಂದೇ ಎಳೆಯನ್ನು 36 ಇಂಚು ಕತ್ತರಿಸಿ ಮಡಿಚಿ, ಮಡಿಕೆಯ ಕುಣಿಕೆಯೊಳಗೆ ಸೂಜಿ ತೂರಿಸಿ ಶುರು ಮಾಡಿದೆ. ಗಂಟಾದರೆ ಇಸ್ತ್ರಿಯಲ್ಲಿ ಮುಂದೆ ಉಬ್ಬಿ ಕಾಣುತ್ತದೆ. ಹಿಂಬದಿಯಲ್ಲಿ ಖಾಲಿ ಜಾಗ ದಾಟಿಸಿ ಕೆಂಪು ದಾರ ಒಯ್ಯುವಂತಿಲ್ಲ, ಕೋರಾ ಬಟ್ಟೆಯ ಮೂಲಕ ನೆರಳು ಕಾಣುತ್ತದೆ. ಪ್ರತಿ ಗರಿಗೂ ದಾರ ಮುಗಿಸಿ ಮತ್ತೆ ಶುರು ಮಾಡಬೇಕಾಯಿತು. ತೊಡೆಯ ಮೇಲೆ ಕಪ್ಪು ಬಟ್ಟೆ ಹಾಕಿಕೊಂಡು ಹೊಲಿದರೆ ಎಳೆಗಳ ನಡುವಿನ ತೂತುಗಳು ಕಪ್ಪಾಗಿ ಎದ್ದು ಕಾಣುತ್ತವೆ. ಮೋಡದ ದಿನಗಳಲ್ಲಿ ಇದು ತುಂಬ ನೆರವಾಯಿತು.

ಕೊಕ್ಕಿನ ವಿಷಯದಲ್ಲಿ ಖಾದಿ ಐಡಾವನ್ನು ಮೀರಿಸಿತು. ತುದಿ ಚೂಪಾಗಬೇಕಾದರೆ ಮುಕ್ಕಾಲು ಕ್ರಾಸ್ ಹಾಕಬೇಕು, ಅಂದರೆ ಒಂದು ಓರೆ ಪೂರ್ತಿ, ಇನ್ನೊಂದು ನಡುವಿಗೆ ನಿಲ್ಲಬೇಕು. ಐಡಾದಲ್ಲಿ ಚೌಕದ ನಡುವೆ ತೂತಿಲ್ಲ, ಬಟ್ಟೆಯನ್ನು ಚುಚ್ಚಬೇಕು. ಇಲ್ಲಿ ಕ್ರಾಸಿನ ಕೆಳಗಿರುವುದು ಎರಡು ಎಳೆ, ಅವುಗಳ ನಡುವೆ ತೂತು ತಾನಾಗಿಯೇ ಇದೆ. ಎರಡೂ ಕೊಕ್ಕುಗಳ ತುದಿ, ಕಾಲುಗುರು, ಬಾಲದ ಕೊನೆ ಎಲ್ಲವನ್ನೂ ಹೀಗೆ ಮಾಡಿದೆ. ಕಣ್ಣಿಗೆ ಹಳದಿ ಕ್ರಾಸ್ ಒಂದು, ಅದರ ನಡುವಿನ ತೂತಿನಲ್ಲಿ ಕಪ್ಪು ಒಂದೆಳೆಯ ಗಂಟುಹೊಲಿಗೆ. ಹೊರಗೆರೆ ಕಪ್ಪು ಒಂದೆಳೆ.

ಮುಗಿದ ಹಕ್ಕಿ 4 1/16 ಇಂಚು ಅಗಲ, 3 15/16 ಇಂಚು ಎತ್ತರ. ಕಣ್ಣಿಗೆ ಸರಿಸಮ.

10. ಗೋಪುರದಂಚು

ಒಂದು ಗೋಪುರ ಬುಡದಲ್ಲಿ 15 ಕ್ರಾಸ್, ಎಂಟು ಸಾಲು ಏರಿ ತುದಿಗೆ ಒಂದು, ಒಟ್ಟು 64. ನಡುವೆ ಒಂದು ಕಂಬ ಬಿಡುವು. ನಡುವಿನಿಂದ ಶುರು ಮಾಡಿ ಎಡಕ್ಕೆ 20, ಬಲಕ್ಕೆ 20, ಒಟ್ಟು 41 ಗೋಪುರ.

ಇಲ್ಲೊಂದು ತೊಡಕು ಬಂತು. ಹಕ್ಕಿಯ 56 ಕಂಬ ಸಮಸಂಖ್ಯೆ, ಅದರ ನಡುಗೆರೆ ಎರಡು ಕ್ರಾಸ್‌ಗಳ ನಡುವೆ ಬೀಳುತ್ತದೆ. ಗೋಪುರದ ತುದಿ ಒಂದೇ ಕ್ರಾಸ್. ಹಾಗೇ ಹೊಲಿದರೆ ಗೋಪುರದ ತುದಿ ಹಕ್ಕಿಯ ನಡುವಿಗಿಂತ ಅರ್ಧ ಕ್ರಾಸ್ ಪಕ್ಕಕ್ಕೆ ಹೋಗುತ್ತದೆ. ಮ್ಯಾಟಿಯಲ್ಲಾದರೆ ಚಿತ್ರವನ್ನೇ ಬದಲಾಯಿಸಬೇಕಿತ್ತು. ಇಲ್ಲಿ ತುದಿಯ ಕ್ರಾಸನ್ನು ನಡುಗೆರೆಯ ಎಡಕ್ಕೆ ಒಂದು ಎಳೆ, ಬಲಕ್ಕೆ ಒಂದು ಎಳೆ ಹಿಡಿಯುವಂತೆ ಇಟ್ಟೆ. ಆದರೆ ಪಕ್ಕಕ್ಕೆ ಒಂದೇ ಎಳೆ ಸರಿದರೆ, ಮೇಲೆ ಹೇಳಿದ ಆಸರೆಯ ಎಳೆ ತಲೆಕೆಳಗಾಗುತ್ತದೆ, ಇಡೀ ಅಂಚು ಸಣಕಲಾಗುತ್ತದೆ. ಅದಕ್ಕೆ ಕೆಳಕ್ಕೂ ಒಂದು ಎಳೆ ಸರಿಸಿದೆ. ಎರಡೂ ದಿಕ್ಕಿನಲ್ಲಿ ಒಂದೊಂದು ಎಳೆ ಸರಿದಾಗ ಆಸರೆ ಮತ್ತೆ ಸರಿಯಾದ ಜಾಗಕ್ಕೆ ಬರುತ್ತದೆ.

ಹೊಲಿದು ಮುಗಿದ ಮೇಲೆ ನಡುವಿನಿಂದ ಎಡಭಾಗ 23¼ ಇಂಚು, ಬಲಭಾಗ 23⅝. ಎರಡರಲ್ಲೂ ಎಳೆಗಳು ಅಷ್ಟೇ, ಬಲಕ್ಕೆ ನೇಯ್ಗೆ ಕೊಂಚ ಸಡಿಲ. ಇದನ್ನು ಸರಿಪಡಿಸಲು ಹೋಗಲಿಲ್ಲ. ಕೊನೆಯ ಗೋಪುರದಿಂದ ಎರಡೂ ಕಡೆ ಅರ್ಧ ಇಂಚು ಬಿಟ್ಟು ಅಂಚು ಮಡಿಚಿದೆ. ಟೇಪು ಹಿಡಿದು ನಡುವಿನಿಂದ 24 ಇಂಚು ಎಂದು ಮಡಿಚಿದ್ದರೆ ಎಡಕ್ಕೊಂದು ಬಲಕ್ಕೊಂದು ಅಂತರ ಬಂದು ಎದ್ದು ಕಾಣುತ್ತಿತ್ತು.

11. ತೊಳೆದದ್ದು, ಖರ್ಚು

ಅಂಟವಾಳದ ನೀರಲ್ಲಿ ಅದ್ದಿ ತೆಗೆದು, ಹಿಂಡದೆ, ದಪ್ಪ ಟವಲಿನಲ್ಲಿ ಸುರುಳಿ ಸುತ್ತಿ ನೀರು ಹೀರಿಸಿದೆ. ಟವಲಿನ ಮೇಲೆ ಹೊಲಿಗೆ ಕೆಳಮುಖ ಮಾಡಿ ತೇವದಲ್ಲೇ ಹಿಂಬದಿಯಿಂದ ಇಸ್ತ್ರಿ. ರಿಂಗಿನ ಗುರುತು ಹೋಯಿತು, ಬಣ್ಣ ಬಿಡಲಿಲ್ಲ, ಮೊದಲ ಮಾದರಿಯಲ್ಲಿ ಬಂದಿದ್ದ ಉಬ್ಬು ಬರಲಿಲ್ಲ. ಇಳಿಬೀಳುವ ಭಾಗಕ್ಕೆ ಮಾತ್ರ ತೆಳು ಅಕ್ಕಿಗಂಜಿ ಹಾಕಿದೆ. ಹಬ್ಬ ಮುಗಿದ ಮೇಲೆ ಗಂಜಿ ತೊಳೆದೇ ಎತ್ತಿಡಬೇಕು, ಇಲ್ಲದಿದ್ದರೆ ಹುಳು ಹಿಡಿಯುತ್ತದೆ. ಮಡಿಚದೆ ಕೊಳವೆಗೆ ಸುತ್ತಿಡುವುದು ಒಳ್ಳೆಯದು, ಹಕ್ಕಿಯ ನಡುವೆ ಮಡಿಕೆಯ ಗೆರೆ ಬಿದ್ದರೆ ತೆಗೆಯುವುದು ಕಷ್ಟ.

ಖಾದಿ ಎರಡು ಮೀಟರ್ 520, ಆಂಕರ್ ದಾರ ಐದು ಲಡಿ 75, ಸೂಜಿ ಪೊಟ್ಟಣ 40, ನೈಲಾನ್ ದಾರ 30, ಜಿಗ್‌ಜಾಗ್ 20, ಪ್ರಿಂಟು 10, ಬಣ್ಣ ಬಿಟ್ಟ ದಾರ 40. ಒಟ್ಟು 735 ರೂಪಾಯಿ. ಮೂರನೆಯ ಕೆಂಪು ಲಡಿ ಹಾಗೇ ಉಳಿದಿದೆ. ಹಕ್ಕಿಗೆ ಸುಮಾರು 1100, ಅಂಚಿಗೆ 2624 ಕೆಂಪು ಕ್ರಾಸ್, ಲಡಿಗೆ 2000 ಎಂಬ ಲೆಕ್ಕ ಸರಿಯಾಗಿಯೇ ಬಂತು.

12. ಎರಡನೆಯ ಮೆಟ್ಟಿಲು

ಕೆಳಗಿನ ಮೆಟ್ಟಿಲಿಗೂ ಇಂಥದೇ ಒಂದು ಬೇಕೆಂದು ಮನೆಯಲ್ಲಿ ಕೇಳಿದ್ದಾರೆ. ಮೊದಲಿನ ಥಾನು ಅಂಗಡಿಯಲ್ಲಿ ಖಾಲಿಯಾಗಿತ್ತು, ಬೇರೆ ಥಾನು ಸಿಕ್ಕಿತು. ತೊಳೆದು ಎಣಿಸಿದರೆ ಹಾಸು 34, ಹೊಕ್ಕು 30. ಎರಡೆರಡು ಎಳೆಗೆ ಅಗಲ ಇಂಚಿಗೆ 15, ಎತ್ತರ 17. ಈಗಿರುವ 56ಕ್ಕೆ 64ರ ಹಕ್ಕಿಯೇ ಅದರ ಮೇಲೆ ಎರಡೂ ಕಡೆ ಸುಮಾರು 3¾ ಇಂಚಿನಷ್ಟು ಬರುತ್ತದೆ. ಗ್ರಾಫು ಬದಲಾಯಿಸಬೇಕಿಲ್ಲ. ಗೋಪುರದ ಸಂಖ್ಯೆಯನ್ನು ಮಾತ್ರ 41ರಿಂದ 43ಕ್ಕೆ ಏರಿಸಿಕೊಂಡು, ನಡುವಿನಿಂದ ಶುರು ಮಾಡಿದ್ದೇನೆ.